ಗೆಳೆಯರನ್ನು ಬಿಡಬೇಡಿ, ಸ್ಪೀಡ್ ಬಿಡಿ

ಪ್ರಶ್ನೆ: ನನಗೆ 43 ವರ್ಷ. ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ ಇದೆ. ಮೂವರು ಗೆಳೆಯರ ಜೊತೆ ಎರಡು ವರ್ಷದಿಂದ ಓಡುತ್ತಿದ್ದೇನೆ. ಬರುವ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನಲ್ಲಿ ಮೊದಲ ಸಲ ಪೂರ್ತಿ 42 ಕಿ.ಮೀ. ಓಡುವ ಆಸೆ. ತೋಟದ ಕೆಲಸದಿಂದಾಗಿ ವಾರದ ದಿನ ಓಡಲು ಆಗುವುದಿಲ್ಲ. ಶನಿವಾರ 12 ಕಿ.ಮೀ. ಓಡುತ್ತೇವೆ. ಭಾನುವಾರ ಮಾದಾಪುರದ ಕಡೆ ಹೋಗಿ ವಾಪಸ್ ಬಂದು 24 ಕಿ.ಮೀ. ಮಾಡುತ್ತೇವೆ. ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡ್ ಬರುತ್ತದೆ. ಬರೀ 10 ಕಿ.ಮೀ. ಜೋರಾಗಿ ಓಡಿದರೆ 58 ನಿಮಿಷ. ನಮ್ಮಲ್ಲಿ ಒಬ್ಬ ಹಳೇ ಹಾಕಿ ಆಟಗಾರ. ಅವನನ್ನು ಹಿಡಿಯಲು ಹೋಗಿ ಕೊನೆಯ ಐದು ಕಿಲೋಮೀಟರ್ ರೇಸ್ ಆಗುತ್ತದೆ. ಸೋಮವಾರ ತೋಟದಲ್ಲಿ ನಿಲ್ಲಲೂ ಆಗುವುದಿಲ್ಲ. ಒಂದು ತಿಂಗಳಿಂದ ಇಳಿಜಾರಿನಲ್ಲಿ ಬಲ ಮಂಡಿಯ ಮುಂದೆ ನೋವು. ಇನ್ನು ಒಬ್ಬನೇ ಓಡುವುದು ಒಳ್ಳೆಯದಾ? ದಾರಿಯಲ್ಲಿ ಏನು ತಿನ್ನಬೇಕು?

ಉತ್ತರ: ನಮಸ್ಕಾರ. ನೀವು ಲೆಕ್ಕ ಸರಿಯಾಗಿ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಸುಲಭವಾಯಿತು. ನಿಮ್ಮ ತೊಂದರೆ ಗೆಳೆಯರಿಂದ ಬಂದದ್ದಲ್ಲ. ಆ 6 ನಿಮಿಷ 10 ಸೆಕೆಂಡಿನಿಂದ ಬಂದದ್ದು.

ಹೇಗೆ ಅಂತ ನೋಡಿ. ಪೀಟ್ ರೀಗಲ್ ಎಂಬ ಎಂಜಿನಿಯರ್ ಓಟಗಾರರಿಗೆ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ದೂರ ಎರಡು ಪಟ್ಟಾದರೆ ಸಮಯ ಸುಮಾರು 2.08 ಪಟ್ಟು ಆಗುತ್ತದೆ. ನಿಮ್ಮ 10 ಕಿ.ಮೀ. 58 ನಿಮಿಷ. ಅಂದರೆ 20 ಕಿ.ಮೀ.ಗೆ 2 ಗಂಟೆ 1 ನಿಮಿಷ, 40ಕ್ಕೆ 4 ಗಂಟೆ 12 ನಿಮಿಷ. ಪೂರ್ತಿ 42.195 ಕಿ.ಮೀ.ಗೆ ಸುಮಾರು 4 ಗಂಟೆ 27 ನಿಮಿಷ. ಇದು ತಯಾರಿ ಚೆನ್ನಾಗಿ ಆಗಿ, ದಾರಿ ಸಮತಟ್ಟಾಗಿದ್ದರೆ. ಈ ಲೆಕ್ಕದಲ್ಲಿ ಕಿಲೋಮೀಟರಿಗೆ 6 ನಿಮಿಷ 19 ಸೆಕೆಂಡ್ ಬೀಳುತ್ತದೆ.

ನೀವು ಪ್ರತಿ ಭಾನುವಾರ, ಅದೂ ಏರು ತಗ್ಗಿನ ಮಾದಾಪುರ ರಸ್ತೆಯಲ್ಲಿ, ಅದಕ್ಕಿಂತ ಜೋರಾಗಿ ಓಡುತ್ತಿದ್ದೀರಿ. ಹಿಂದಿನ ದಿನದ 12 ಕಿ.ಮೀ. ಬೇರೆ ಕಾಲಲ್ಲಿ ಇರುತ್ತದೆ. ನೀವು ಮಾಡುತ್ತಿರುವುದು ತರಬೇತಿ ಅಲ್ಲ, ವಾರಕ್ಕೊಂದು ಸ್ಪರ್ಧೆ. ಸೋಮವಾರ ನಿಲ್ಲಲು ಆಗದಿದ್ದರೆ ಆಶ್ಚರ್ಯ ಏನಿದೆ?

ಉದ್ದದ ಓಟ ನಿಧಾನವಾಗಿಯೇ ಇರಬೇಕು. ಕೈಲಾಗದವರಿಗೆ ಕೊಡುವ ರಿಯಾಯಿತಿ ಇದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ದೊಡ್ಡ ದೊಡ್ಡ ಓಟಗಾರರು, ಸ್ಕೀ ಪಟುಗಳು, ದೋಣಿ ಹುಟ್ಟು ಹಾಕುವವರು ಹೇಗೆ ತಯಾರಾಗುತ್ತಾರೆ ಅಂತ ವರ್ಷಗಟ್ಟಲೆ ನೋಡಿದವರು. ಅಂಥವರ ತರಬೇತಿಯಲ್ಲಿ ಸುಮಾರು ನೂರಕ್ಕೆ 80 ಭಾಗ ಆರಾಮದ್ದು, ಉಳಿದ 20 ಮಾತ್ರ ಕಷ್ಟದ್ದು ಅಂತ ಅವರು ಕಂಡುಕೊಂಡರು. ಆರಾಮಾಗಿ ಓಡುವಾಗ ದೇಹ ಕೊಬ್ಬನ್ನು ಉರಿಸಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಜಾಸ್ತಿಯಾಗುತ್ತವೆ. ಸ್ನಾಯುರಜ್ಜು, ಮೂಳೆ ನಿಧಾನವಾಗಿ ಗಟ್ಟಿಯಾಗುತ್ತವೆ. ಇದೆಲ್ಲ ತಿಂಗಳುಗಟ್ಟಲೆ ನಡೆಯುವ ಕೆಲಸ. ಜೋರು ಮಾಡಿದರೆ ಬೇಗ ಮುಗಿಯುವುದಿಲ್ಲ, ಕೆಡುತ್ತದೆ.

ಹಾಗಾದರೆ ಎಷ್ಟು ನಿಧಾನ? ಸಮತಟ್ಟಿನಲ್ಲಿ ನಿಮಗೆ ಕಿಲೋಮೀಟರಿಗೆ 7 ರಿಂದ ಏಳೂವರೆ ನಿಮಿಷ. ಆದರೆ ಕೊಡಗಿನಲ್ಲಿ ಸಮತಟ್ಟು ಎಲ್ಲಿದೆ? ಅದಕ್ಕೇ ನಾನು ಇಲ್ಲಿಯವರಿಗೆ ವಾಚ್ ನೋಡಬೇಡಿ, ಮಾತಾಡಿ ಅಂತ ಹೇಳುತ್ತೇನೆ.

ಒಂದು ಉದಾಹರಣೆ. ಒಂದು ಡಿಸೆಂಬರ್‌ನಲ್ಲಿ ಗಾಳಿಬೀಡು ರಸ್ತೆಯಲ್ಲಿ ಒಬ್ಬರ ಜೊತೆ ಓಡುತ್ತಿದ್ದೆ. ಅವರೂ ಬೆಳೆಗಾರರೇ. ಮಂಜು ಎಷ್ಟಿತ್ತೆಂದರೆ ಹತ್ತು ಮಾರು ಮುಂದಿನ ಸಿಲ್ವರ್ ಮರ ಕಾಣುತ್ತಿರಲಿಲ್ಲ. ಅವರು ಕೊಯ್ಲಿಗೆ ಆಳು ಸಿಗದ ಕಥೆ ಹೇಳುತ್ತಾ ಬರುತ್ತಿದ್ದರು. ತಗ್ಗಿನಲ್ಲಿ ಮಾತು ನೀರು ಹರಿದಂತೆ ಬರುತ್ತಿತ್ತು. ಏರು ಶುರುವಾಯಿತು. "ಈ ಸಲ ಅರೇಬಿಕಾ ಒಂದೇ ಸಲಕ್ಕೆ..." ಉಸಿರು. "...ಹಣ್ಣಾಗಿ..." ಉಸಿರು. ಅಲ್ಲಿಗೆ ನಿಂತಿತು. ಆಮೇಲೆ ಬರೀ ಏದುಸಿರು. "ನಡೀರಿ" ಅಂದೆ. ಅವರಿಗೆ ಮನಸ್ಸಿರಲಿಲ್ಲ, ಆದರೂ ನಡೆದರು. ಮೂವತ್ತು ನಲವತ್ತು ಹೆಜ್ಜೆ ಆದ ಮೇಲೆ ವಾಕ್ಯ ತಾನಾಗಿ ಮುಂದುವರಿಯಿತು. "ಒಂದೇ ಸಲಕ್ಕೆ ಹಣ್ಣಾಗಿ ಕೂತಿದೆ, ಮಳೆ ಬಂದರೆ ಎಲ್ಲ ಉದುರುತ್ತೆ." ಆಗ ಮತ್ತೆ ಓಡಿದೆವು.

ಅಷ್ಟೇ ಪರೀಕ್ಷೆ. ಒಂದು ವಾಕ್ಯ ಪೂರ್ತಿ ಹೇಳಲು ಆಗಬೇಕು. ವಾಕ್ಯ ಮುರಿದರೆ ನಿಧಾನಿಸಿ. ಆಗಲೂ ಮುರಿದರೆ ನಡೆಯಿರಿ. ನಮ್ಮ ಏರುಗಳಲ್ಲಿ ನಡೆಯುವುದು ಸೋಲಲ್ಲ. ಅಲ್ಲಿ ಚುರುಕಾಗಿ ನಡೆದರೂ ನಿಮ್ಮ ಹೃದಯ ಸಮತಟ್ಟಿನ ಓಟದಷ್ಟೇ ಕೆಲಸ ಮಾಡುತ್ತಿರುತ್ತದೆ.

ಈಗ ನೋಡಿ, ಈ ಪರೀಕ್ಷೆಗೆ ಮಾತಾಡುವವರು ಬೇಕಲ್ವಾ? ಅದಕ್ಕೇ ಗೆಳೆಯರು ಬೇಕು. ಒಬ್ಬರೇ ಓಡಬೇಡಿ. ಮೂರು ಗಂಟೆ ಕಾಲ ರಸ್ತೆಯಲ್ಲಿ ಇರುವಾಗ ಜೊತೆಗಾರ ಇದ್ದರೆ ಮನಸ್ಸು ಹಗುರ. ಬೆಳಗ್ಗೆ ಏಳಲು ಮನಸ್ಸಿಲ್ಲದ ದಿನ ಪೇಟೆಯಲ್ಲಿ ಮೂವರು ಕಾಯುತ್ತಿದ್ದಾರೆ ಅನ್ನುವ ಒಂದು ಯೋಚನೆಯೇ ಸಾಕು. ಇನ್ನೊಂದು ಕಾರಣ ಆನೆ, ಅದಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಹಾಕಿ ಗೆಳೆಯರ ವಿಷಯ. ಅವರ ಮೇಲೆ ಕೋಪ ಬೇಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ ಕೊಡವ ಹಾಕಿ ಹಬ್ಬ ನಮ್ಮ ಜಿಲ್ಲೆಯ ಮನೆಮನೆಯಲ್ಲಿ ಆಟಗಾರರನ್ನು ಬೆಳೆಸಿದೆ. ಆ ಆಟದ ದೇಹವೇ ಬೇರೆ. ಜೋರಾಗಿ ನುಗ್ಗುವುದು, ನಿಲ್ಲುವುದು, ಮತ್ತೆ ನುಗ್ಗುವುದು. ಮುಂದೆ ಯಾರಾದರೂ ಇದ್ದರೆ ಹಿಂದೆ ಹಾಕಬೇಕು ಅನ್ನುವುದು ಅವರಿಗೆ ಅಭ್ಯಾಸ. ಅವರಿಗೆ ಬುದ್ಧಿ ಹೇಳಬೇಡಿ, ಕೆಲಸ ಕೊಡಿ. ಏರಿನಲ್ಲಿ ಅವರು ತಮ್ಮ ಸ್ಪೀಡಿನಲ್ಲಿ ಮೇಲೆ ಹೋಗಲಿ. ಮೇಲೆ ಮುಟ್ಟಿದ ತಕ್ಷಣ ತಿರುಗಿ, ಕೊನೆಯಲ್ಲಿ ಬರುತ್ತಿರುವವರ ತನಕ ಇಳಿದು ಬರಲಿ. ಅಲ್ಲಿಂದ ಅವರ ಜೊತೆಗೇ ಮತ್ತೆ ಹತ್ತಲಿ. ಅವರಿಗೆ ಓಟ ಜಾಸ್ತಿ ಸಿಗುತ್ತದೆ, ಹಿಂದಿನವರು ಒಂಟಿ ಆಗುವುದಿಲ್ಲ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ದೂರ ಲೆಕ್ಕ ಹಾಕಬೇಡಿ, ಗಡಿಯಾರ ನೋಡಿ ತಿರುಗಿ. ಎಲ್ಲರೂ ಒಟ್ಟಿಗೆ ಹೊರಡಿ. 70 ನಿಮಿಷ ಆದಾಗ ಯಾರು ಎಲ್ಲಿ ಇದ್ದಾರೋ ಅಲ್ಲಿಂದಲೇ ತಿರುಗಬೇಕು. ಜೋರಾಗಿ ಓಡುವವರು ಎರಡು ಕಿಲೋಮೀಟರ್ ಮುಂದೆ ಹೋಗಿರುತ್ತಾರೆ, ಅಷ್ಟೇ ಜಾಸ್ತಿ ವಾಪಸ್ ಬರಬೇಕು. ಎಲ್ಲರೂ ಹೋದ ಹಾಗೇ ಬಂದರೆ ಹೊರಟ ಜಾಗ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಕಾಯುವವರಿಲ್ಲ, ಕಾಯಿಸುವವರೂ ಇಲ್ಲ. ನೀವು ನಾಲ್ವರಿದ್ದೀರಿ, ಇಬ್ಬಿಬ್ಬರು ಜೋಡಿಯಾಗಿ. ಒಬ್ಬೊಬ್ಬರೇ ಚದುರಬೇಡಿ.

ಮಂಡಿ ನೋವಿಗೆ ಬರೋಣ. ಮುಂಭಾಗದಲ್ಲಿ, ಇಳಿಜಾರಿನಲ್ಲಿ ಅಂತ ಬರೆದಿದ್ದೀರಿ. ಬಹುಪಾಲು ಇದು ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ. ಜನ ಏರಿಗೆ ಹೆದರುತ್ತಾರೆ, ಆದರೆ ಪೆಟ್ಟು ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಾಕಬೇಕು. ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಹಾನಿಯಾಗುವುದು ಹೀಗೆ ಕೆಲಸ ಮಾಡುವಾಗಲೇ.

ನಾನು ಇದನ್ನು ನನ್ನ ಕಾಲಿನಿಂದಲೇ ಕಲಿತೆ. ವರ್ಷಗಳ ಹಿಂದೆ ಗೆಳೆಯರೆಲ್ಲ ಸೇರಿ ಮಡಿಕೇರಿಯಿಂದ ಕುಶಾಲನಗರಕ್ಕೆ ಓಡಿದೆವು. ಸುಮಾರು 30 ಕಿ.ಮೀ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ ಅದಕ್ಕಿಂತ 300 ಮೀಟರಿಗೂ ಹೆಚ್ಚು ಕೆಳಗೆ. ಇಳಿಯುವುದೇ ಜಾಸ್ತಿ, ಸುಲಭ ಅಂದುಕೊಂಡೆವು. ಓಡುವಾಗ ಸುಲಭವೇ ಇತ್ತು. ಎರಡನೇ ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿದು ಅಡ್ಡಡ್ಡ ಹೆಜ್ಜೆ ಇಡಬೇಕಾಯಿತು. ನಾಲ್ಕು ದಿನ ಹಾಗೇ. ನಮ್ಮಲ್ಲಿ ಒಬ್ಬರ ಮಂಡಿ ನೋವು ಮೂರು ತಿಂಗಳು ಬಿಡಲಿಲ್ಲ, ಅವರು ಆ ವರ್ಷ ಓಡಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ನೀವು ಇಳಿಯುವಾಗ ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಈಗ ನಿಮಿಷಕ್ಕೆ 160 ಹೆಜ್ಜೆ ಇದ್ದರೆ 170ರ ಹತ್ತಿರ ತನ್ನಿ. ಇಷ್ಟರಿಂದಲೇ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರಬೇಡಿ. ಪಾದ ಸೊಂಟದ ಕೆಳಗೇ ಬೀಳಲಿ. ತುಂಬಾ ಕಡಿದಾದ ಕಡೆ ಇಳಿಜಾರಲ್ಲೂ ನಡೆಯಿರಿ.

ಜೊತೆಗೆ ಒಂದು ವ್ಯಾಯಾಮ. ನಿಮ್ಮ ಕಾಫಿ ಕಣದ ಅಂಚಿನಲ್ಲಿ ಒಂದು ಮೆಟ್ಟಿಲು ಇರುತ್ತದೆ. ಅದರ ಮೇಲೆ ಬಲಗಾಲಲ್ಲಿ ನಿಲ್ಲಿ. ಎಡಗಾಲ ಹಿಮ್ಮಡಿಯನ್ನು ನಿಧಾನವಾಗಿ, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಕೆಳಗಿನ ಸಿಮೆಂಟಿಗೆ ಮುಟ್ಟಿಸಿ. ಭಾರ ಬಿಡಬೇಡಿ, ಸುಮ್ನೆ ಮುಟ್ಟಿಸಿ ಮೇಲೆ ಬನ್ನಿ. ಕನ್ನಡಿ ಬೇಡ, ನಿಮ್ಮ ಬಲ ಮಂಡಿಯನ್ನು ನೋಡುತ್ತಿರಿ. ಅದು ಒಳಕ್ಕೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೇ ಬಾಗಬೇಕು. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಮೂರು ಸುತ್ತು, ವಾರಕ್ಕೆ ಮೂರು ದಿನ. ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರವಿದ ಮೇಲೆ ಜಗಲಿ ಮೆಟ್ಟಿಲಲ್ಲಿ ಮಾಡಿ. ಸ್ವಲ್ಪ ನೋವು ಬಂದರೆ ಪರವಾಗಿಲ್ಲ. ಹತ್ತರಲ್ಲಿ ಮೂರಕ್ಕಿಂತ ಜಾಸ್ತಿ ನೋವು ಅನಿಸಿದರೆ ಮೆಟ್ಟಿಲ ಎತ್ತರ ಕಡಿಮೆ ಮಾಡಿ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ನಿಂತರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಡಾಕ್ಟರ್ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ನಿಮಗೆ 40 ದಾಟಿದೆ. ಬಿಪಿ, ಶುಗರ್, ಇಸಿಜಿ ಒಮ್ಮೆ ಮಾಡಿಸಿ. ಓಡುವಾಗ ಎದೆ ಬಿಗಿದಂತೆ ಆದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು. ಗೆಳೆಯರಿಗೂ ಹೇಳಿ.

ವಾರದ ದಿನ ಓಡಲು ಆಗುವುದಿಲ್ಲ ಅಂದಿರಿ. ಇಲ್ಲಿ ಮಾತ್ರ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಶನಿವಾರ ಭಾನುವಾರ ಎರಡೇ ದಿನ ಓಡಿದರೂ ಆರೋಗ್ಯಕ್ಕೆ ಒಳ್ಳೆಯದೇ. ಮ್ಯಾರಥಾನ್‌ಗೆ ಅದು ಸಾಲದು. ಐದು ದಿನ ಸುಮ್ಮನಿದ್ದ ಕಾಲಿಗೆ ಎರಡು ದಿನದಲ್ಲಿ 36 ಕಿ.ಮೀ. ಹಾಕಿದರೆ ಗಾಯ ಆಗುವುದು ಸಹಜ. ಎರಡು ದಿನ, ತಲಾ 40 ನಿಮಿಷ ಹುಡುಕಿ. ಮಂಗಳವಾರ ಆರಾಮಾಗಿ. ಗುರುವಾರ ಹತ್ತು ನಿಮಿಷ ಬಿಸಿಯಾದ ಮೇಲೆ 20 ನಿಮಿಷ ಸ್ವಲ್ಪ ಜೋರಾಗಿ, ಎರಡು ಮೂರು ಪದ ಮಾತ್ರ ಆಡಲು ಆಗುವಷ್ಟು. ವಾರದ ಕಷ್ಟದ ಭಾಗ ಅಷ್ಟೇ. ಶನಿವಾರದ 12 ಕಿ.ಮೀ. ಬಿಡಿ. ಐದು ಕಿಲೋಮೀಟರ್ ಸಾಕು, ಬೇಡ ಅನಿಸಿದರೆ ಅದೂ ಬೇಡ. ಸಂಜೆ ಹಣ್ಣು ತೂಗಿ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ, ನನಗೆ ಗೊತ್ತು. ಸಾಮಾನಿಗೋ ಬ್ಯಾಂಕಿಗೋ ಸುಂಟಿಕೊಪ್ಪ ಪೇಟೆಗೆ ಬರುವ ದಿನ ಶೂ ಕಾರಲ್ಲಿ ಇಟ್ಟುಕೊಳ್ಳಿ. ಹುಡುಗರು ಫುಟ್‌ಬಾಲ್ ಆಡುವ ಮೈದಾನದ ಸುತ್ತ ಓಡಿದರೆ ಆಯಿತು.

ಈಗ ಸೆಪ್ಟೆಂಬರ್ ಮಧ್ಯ. ಕೈಲ್‌ಪೊಳ್ದ್ ಹಬ್ಬ ಮುಗಿದಿದೆ. ಜನವರಿಗೆ ಸುಮಾರು 18 ವಾರ ಇದೆ, ಧಾರಾಳ. ಭಾನುವಾರದ ಓಟವನ್ನು ಮೊದಲು ಎರಡು ಗಂಟೆಗೆ ಇಳಿಸಿ. ಆಮೇಲೆ ವಾರಕ್ಕೆ 10, 15 ನಿಮಿಷ ಏರಿಸುತ್ತಾ ಹೋಗಿ. ಮೂರು ನಾಲ್ಕು ವಾರಕ್ಕೊಮ್ಮೆ ಒಂದು ವಾರ ಅರ್ಧಕ್ಕೆ ಇಳಿಸಲೇಬೇಕು, ದೇಹ ಕಟ್ಟಿಕೊಳ್ಳುವುದು ಆ ವಾರದಲ್ಲಿ. ನಮ್ಮ ಊರಿನ ಕ್ಯಾಲೆಂಡರೇ ಆ ವಾರಗಳನ್ನು ಕೊಟ್ಟಿದೆ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ತಲಕಾವೇರಿಗೆ ಹೇಗೂ ಹೋಗುತ್ತೀರಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ವಾರ. ಆಮೇಲೆ ಸುಗ್ಗಿ ಹಬ್ಬ ಪುತ್ತರಿ. ಆ ಮೂರು ವಾರ ಭಾನುವಾರ ಒಂದೂಕಾಲು ಗಂಟೆಗಿಂತ ಜಾಸ್ತಿ ಬೇಡ. ಹಬ್ಬ ಚೆನ್ನಾಗಿ ಮಾಡಿ. ಅತಿ ಉದ್ದದ ಓಟ ಮೂರೂವರೆ ಗಂಟೆ, ಅದೂ ಒಂದೆರಡು ಸಲ ಮಾತ್ರ. ನಿಮ್ಮ ಆರಾಮದ ವೇಗದಲ್ಲಿ 29 ಕಿ.ಮೀ. ಆಗುತ್ತದೆ. 42 ಓಡಿ ನೋಡಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೊನೆಯ ಮೂರು ವಾರ ಇಳಿಸುತ್ತಾ ಬರಬೇಕು.

ಆನೆ. ಸುಂಟಿಕೊಪ್ಪ, ಚೆಟ್ಟಳ್ಳಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯವರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೂ ಓಟದ ಹುಚ್ಚಿನಲ್ಲಿ ಬೆಳಗ್ಗೆ ನಾಲ್ಕೂವರೆಗೆ ತಲೆಗೆ ಟಾರ್ಚ್ ಕಟ್ಟಿ ಹೊರಡುವವರನ್ನು ನೋಡಿದ್ದೇನೆ. ನಗರದವರ ವಿಡಿಯೋ ನೋಡಿ ಕಲಿತದ್ದು ಅದು. ಇಲ್ಲಿ ಬೇಡ. ಡಿಸೆಂಬರ್‌ನಲ್ಲಿ ಬೆಳಕಾಗುವುದು ಆರೂವರೆ ಹೊತ್ತಿಗೆ, ಆಗಲೇ ಹೊರಡಿ. ಭತ್ತ ಹಾಲುಗಟ್ಟಿ ಹಣ್ಣಾಗುವ ಕಾಲದಲ್ಲಿ ಆನೆಗಳು ಗದ್ದೆ ಕಡೆ ಇಳಿದು ಬೆಳಗಿನ ಜಾವ ತೋಟಕ್ಕೆ ವಾಪಸ್ ಹೋಗುತ್ತಿರುತ್ತವೆ, ರಸ್ತೆ ದಾಟುವುದು ಆಗಲೇ. ಕಿವಿಗೆ ಇಯರ್‌ಫೋನ್ ಬೇಡ. ಹಿಂದಿನ ರಾತ್ರಿ ಲೈನ್ ಮನೆಯ ಕೆಲಸಗಾರರನ್ನು, ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ, ಆನೆ ಯಾವ ಕಡೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಹಬೆಯಾಡುವ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಕಂಡರೆ ಆ ದಿನದ ಓಟ ಅಲ್ಲಿಗೆ ಮುಗಿಯಿತು. ಒಂಟಿ ಸಲಗದ ಮುಂದೆ ಯಾವ ಓಟಗಾರನ ವೇಗವೂ ಸಾಕಾಗುವುದಿಲ್ಲ.

ಇನ್ನು ಊಟ. ನಮ್ಮ ಸ್ನಾಯು, ಯಕೃತ್ತು ಸೇರಿ ಸುಮಾರು 500 ಗ್ರಾಂ ಸಕ್ಕರೆ ಅಂಶ ಕೂಡಿಡುತ್ತವೆ. ಓಟಕ್ಕೆ ಜೋರು ಕೊಡುವ ಇಂಧನ ಅದು. ಅದು ಖಾಲಿಯಾಗುತ್ತಾ ಬಂದಾಗಲೇ 30 ಕಿ.ಮೀ. ಆಸುಪಾಸಿನಲ್ಲಿ ಕಾಲು ಕಲ್ಲಾಗುವುದು. ಅದಕ್ಕೆ ಗಂಟೆಗೆ 30 ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಾ ಓಡಬೇಕು. ಹಸಿವಾಗುವ ತನಕ ಕಾಯಬೇಡಿ, ಮೊದಲ 40 ನಿಮಿಷಕ್ಕೇ ಶುರು ಮಾಡಿ. ಒಂದು ಪಚ್ಚಬಾಳೆ ಅಂದರೆ ಸುಮಾರು 25 ಗ್ರಾಂ. ಹೆಬ್ಬೆರಳಿನ ಗಾತ್ರದ ಬೆಲ್ಲದ ಉಂಡೆ 10 ಗ್ರಾಂ ಆಸುಪಾಸು. ಖರ್ಜೂರ, ಕಿತ್ತಳೆ ತೊಳೆ ಎಲ್ಲ ನಡೆಯುತ್ತದೆ. ಕಿತ್ತಳೆ ಸಿಪ್ಪೆ ಸುಲಿದು ಡಬ್ಬಿಯಲ್ಲಿ ಹಾಕಿಕೊಳ್ಳಿ, ಓಡುವಾಗ ಸುಲಿಯಲು ಆಗುವುದಿಲ್ಲ. ಜೆಲ್ ಪ್ಯಾಕೆಟ್ ತಿನ್ನುವ ಯೋಚನೆ ಇದ್ದರೆ ಈಗಲೇ ಭಾನುವಾರ ತಿಂದು ಹೊಟ್ಟೆಗೆ ಒಗ್ಗುತ್ತದಾ ನೋಡಿ. ಮುಂಬೈಯಲ್ಲಿ ಮೊದಲ ಸಲ ಬೇಡ.

ನೀರು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ತೋಟದಲ್ಲಿ ಹಣ್ಣು ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇದ್ದರೆ ಉತ್ತರ ಅಲ್ಲೇ ಇದೆ. ಓಡುವ ಮೊದಲು ಕಡಿಮೆ ಬಟ್ಟೆಯಲ್ಲಿ ನಿಂತು ತೂಕ ನೋಡಿ. ಬಂದ ಮೇಲೆ ಬೆವರು ಒರೆಸಿ ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದಕ್ಕಿಂತ ಒಂದು ಲೀಟರ್ ಜಾಸ್ತಿ ಬೆವರಿದ್ದೀರಿ ಅಂತ. 70 ಕಿಲೋ ಇರುವವರಿಗೆ ಒಂದೂಕಾಲು, ಒಂದೂವರೆ ಕಿಲೋ ಇಳಿದರೆ ತೊಂದರೆ ಇಲ್ಲ. ತೂಕ ಏರಿದ್ದರೆ ಎಚ್ಚರ. ಬೇಕಾದ್ದಕ್ಕಿಂತ ಜಾಸ್ತಿ ನೀರು ಕುಡಿದಿದ್ದೀರಿ. ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ಜೀವಕ್ಕೇ ಅಪಾಯ ಆದದ್ದುಂಟು. ಬಾಯಾರಿದಾಗ ಕುಡಿಯಿರಿ. ಎರಡು ಗಂಟೆ ದಾಟುವ ದಿನ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ.

ಶನಿವಾರ ರಾತ್ರಿ ಮದುವೆ ಮನೆ ಇದ್ದರೆ ಅನ್ನ ಚೆನ್ನಾಗಿ ಉಣ್ಣಿ. ಪಂದಿಕರಿ ಭಾನುವಾರ ಮಧ್ಯಾಹ್ನಕ್ಕೆ ಉಳಿಸಿಕೊಳ್ಳಿ, ಓಟ ಮುಗಿದ ಮೇಲೆ ಅಕ್ಕಿಯ ಕಡಂಬುಟ್ಟಿನ ಜೊತೆ ಅದಕ್ಕಿಂತ ಒಳ್ಳೆಯದು ಏನಿದೆ? ಡ್ರಿಂಕ್ಸ್ ಮಾತ್ರ ಹಿಂದಿನ ರಾತ್ರಿ ಬೇಡವೇ ಬೇಡ. ನಿದ್ದೆ ಕೆಡುತ್ತದೆ, ಮೈಯಲ್ಲಿ ನೀರು ಇಳಿಯುತ್ತದೆ.

ಕೊನೆಯದಾಗಿ ಮುಂಬೈ. ಎತ್ತರದ ಊರಿನವರು ನೀವು, ಕೆಳಗೆ ಸುಲಭ ಅಂತ ಯಾರಾದರೂ ಹೇಳಬಹುದು. ನಂಬಬೇಡಿ. ಎತ್ತರದ ಲಾಭ ಸಿಗಲು ಸಾಮಾನ್ಯವಾಗಿ 2,000 ಮೀಟರಿಗಿಂತ ಮೇಲಿರಬೇಕು. ಕೆನ್ಯಾದ ಓಟಗಾರರ ಊರು ಇಟೆನ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ಸುಂಟಿಕೊಪ್ಪ ಅದರ ಅರ್ಧವೂ ಇಲ್ಲ. ಅಲ್ಲಿ ನಿಮ್ಮನ್ನು ಕಾಡುವುದು ಎರಡು. ಒಂದು ಸೆಕೆ. ಇನ್ನೊಂದು ಸಮತಟ್ಟು ದಾರಿ. ಕೊಡಗಿನಲ್ಲಿ ಏರು ಇಳಿತ ಬರುವುದರಿಂದ ಕಾಲಿನ ಬೇರೆ ಬೇರೆ ಸ್ನಾಯು ಸರದಿಯಲ್ಲಿ ಕೆಲಸ ಮಾಡುತ್ತವೆ. ಸಮತಟ್ಟಿನಲ್ಲಿ ನಾಲ್ಕೂವರೆ ಗಂಟೆ ಒಂದೇ ಸ್ನಾಯು, ಒಂದೇ ಹೆಜ್ಜೆ. ಅದರ ಅಭ್ಯಾಸ ಇಲ್ಲದವರಿಗೆ ಅದೇ ಕಷ್ಟ. ಓಟದ ಕೊನೆಯ ಭಾಗದಲ್ಲಿ ಪೆಡ್ಡರ್ ರೋಡ್ ಏರು ಸಿಗುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ನಿಮಗೆ ಅದು ಮನೆಗೆ ಬಂದಂತೆ ಇರುತ್ತದೆ. ಚಿಕ್ಕ ಹೆಜ್ಜೆ ಹಾಕಿ ಹತ್ತಿ.

ಅದಕ್ಕೆ ಡಿಸೆಂಬರ್‌ನ ಎರಡು ಉದ್ದ ಓಟ ಮಾದಾಪುರ ರಸ್ತೆಯಲ್ಲಿ ಬೇಡ. ನಾಲ್ವರೂ ಕಾರಲ್ಲಿ ಕುಶಾಲನಗರಕ್ಕೆ ಇಳಿಯಿರಿ. ಕೂಡಿಗೆ, ಹೆಬ್ಬಾಲೆ ಕಡೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಎಡಬಲ ಗದ್ದೆ, ಶುಂಠಿ ಹೊಲ. ಸ್ವಲ್ಪ ತಡವಾಗಿ, ಎಂಟು ಗಂಟೆಗೆ ಹೊರಟರೆ ಬಿಸಿಲೂ ಸಿಗುತ್ತದೆ. ಸೆಕೆಗೆ ದೇಹ ಹೊಂದಿಕೊಳ್ಳಲು 10 ರಿಂದ 14 ದಿನ ಬೇಕು. ಕೊನೆಯ ಎರಡು ವಾರದ ಚಿಕ್ಕ ಓಟಗಳನ್ನೂ ಬಿಸಿಲೇರಿದ ಮೇಲೆ ಮಾಡಿ. ಕ್ರಿಸ್‌ಮಸ್ ವಾರ ಹೆದ್ದಾರಿಯಲ್ಲಿ ಪ್ರವಾಸಿ ಗಾಡಿಗಳು ತುಂಬಿರುತ್ತವೆ, ಆನೆಕಾಡಿನ ಕಡೆ ಓಡಲೇಬೇಡಿ.

ಮುಂದಿನ ಭಾನುವಾರದಿಂದಲೇ ಮಾತಾಡುತ್ತಾ ಓಡಿ. ಮೊದಲ ಮೂರು ವಾರ ಇದೇನು ಇಷ್ಟು ನಿಧಾನ ಅಂತ ನಿಮ್ಮ ಹಾಕಿ ಗೆಳೆಯರು ಗೊಣಗುತ್ತಾರೆ. ಸಂಕ್ರಮಣ ಮುಗಿದ ಮೇಲೆ ನನಗೆ ಬರೆಯಿರಿ. ಸೋಮವಾರ ಬೆಳಗ್ಗೆ ತೋಟದಲ್ಲಿ ಕಾಲು ಹೇಗಿತ್ತು, ಮೆಟ್ಟಿಲ ವ್ಯಾಯಾಮದಲ್ಲಿ ಬಲ ಮಂಡಿ ಒಳಕ್ಕೆ ವಾಲುವುದು ನಿಂತಿತಾ, ಈ ಎರಡು ಮಾತ್ರ ಸಾಕು. ಅದನ್ನು ನೋಡಿಕೊಂಡು ಗುರುವಾರದ 20 ನಿಮಿಷ ಏರಿಸಬೇಕಾ ಬೇಡವಾ ಹೇಳುತ್ತೇನೆ.